ಅಕ್ಕನ ದನಿಯ ಕರೆಗಂಟೆ

ಇದು ಖಂಡಿತ ನಡೆದ ಸಂಗತಿ. ನಂಬದವರು ತುಮಕೂರಿಗೆ ಹೋಗಿ ಪಶುಪತಿ ಮೇಷ್ಟ್ರ ಮನೆಯ ಕರೆಗಂಟೆ ಒತ್ತಿ ನೋಡಬಹುದು. ಆಮೇಲೆ ಆಗುವುದಕ್ಕೆ ನಾವು ಹೊಣೆಯಲ್ಲ!

ಆ ಭಾನುವಾರ ಸರ್ವಮಂಗಳಮ್ಮನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮೂರು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕ ಅನ್ನಪೂರ್ಣ ಊಟಕ್ಕೆ ಬರುವವರಿದ್ದರು. ಸಾರಿಗೆ ಎರಡು ಸಲ ಉಪ್ಪು ಹಾಕಿ, ಆಮೇಲೆ ನೀರು ಬೆರೆಸಿ, ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದಾಗಲೇ ಗಂಡ ಕೂಗಿದರು.

"ಮಂಗಳಾ, ಬಾರೇ ಇಲ್ಲಿ! ಹೊಸ ಆವೃತ್ತಿ ಕೂತ್ಕೊಳ್ತು!"

ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಪಶುಪತಿ ಮೇಷ್ಟ್ರು ವೈಫೈ ರೂಟರಿನಿಂದ ಕಂಪನಿಯ ತಂತ್ರಾಂಶ ಕಿತ್ತುಹಾಕಿ, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ತಂತ್ರಾಂಶ ತುಂಬಿದ್ದರು. ಟೀವಿ, ವಾಷಿಂಗ್ ಮಷಿನ್, ಕರೆಗಂಟೆ ಎಲ್ಲಕ್ಕೂ ಅದೇ ಯಜಮಾನ.

"ಇದ್ರಲ್ಲಿ ಎರಡು ಕೋಣೆ. ಒಂದ್ರಲ್ಲಿ ಹೊಸದು, ಇನ್ನೊಂದ್ರಲ್ಲಿ ಮೂರು ವರ್ಷದ ಹಿಂದಿನದು. ಗುಂಡಿ ಒತ್ತಿದ್ರೆ ಇದು, ಮತ್ತೆ ಒತ್ತಿದ್ರೆ ಅದು!"

"ಹಳೇದು ಯಾಕ್ರೀ ಇನ್ನೂ?"

"ಅಟ್ಟದ ಮೇಲೆ ಹಿಡಿ ಮುರಿದ ಬಾಣಲೆ ಯಾಕಿಟ್ಟಿದ್ದೀಯ? ಇರ್ಲಿ, ಬೇಕಾಗತ್ತೆ ಅಂತ ತಾನೇ?"

ಅಷ್ಟರಲ್ಲಿ ಹೊಸ ಆವೃತ್ತಿ ಕೈಚಳಕ ತೋರಿಸಿತು. ಟೀವಿಯ ಚಿತ್ರ ಒಗೆಯುವ ಬಟ್ಟೆಯಂತೆ ಗಿರಗಿರನೆ ತಿರುಗಿತು! ವಾಷಿಂಗ್ ಮಷಿನ್ ವಾರ್ತೆ ಓದತೊಡಗಿತು!

"ಅಕ್ಕ ಬರೋ ಹೊತ್ತು! ಮೊದಲಿದ್ದದ್ದನ್ನೇ ಹಾಕ್ರೀ!"

ಮೇಷ್ಟ್ರು ಗುಂಡಿ ಒತ್ತಿದರು. ದೀಪಗಳು ಆರಿ ಹತ್ತಿದವು. ಟೀವಿ ಮೆಲ್ಲಗೆ ಕೇಳಿತು: "ಇನ್ನೊಂದು ಹೋಳಿಗೆ ಹಾಕ್ಲಾ? ಬೇಡ್ವಾ? ಸರಿ ಬಿಡು!"

ಸರ್ವಮಂಗಳಮ್ಮನ ಕೈಯಿಂದ ಸೌಟು ಜಾರಿತು. ಮೂರು ವರ್ಷದ ಹಿಂದೆ, ಅಕ್ಕನ ಮನೆಯಲ್ಲಿ ತಟ್ಟೆಯ ತನಕ ಬಂದ ಹೋಳಿಗೆ, ಬೇಕು ಅನ್ನುವ ಮೊದಲೇ ಹಿಂದಕ್ಕೆ ಹೋದ ಸಿಟ್ಟಿಗೆ ಜಗಳವಾಡಿ ಬಂದು, ಅಕ್ಕನ ದನಿಯನ್ನು ತಾವೇ ಅಣಕಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು. ಚಿಕ್ಕಮ್ಮನ ಮಗಳಿಗೆ ಕಳಿಸುವಾಗ ನೆಟ್ ಹೋಯಿತು, ಬುದ್ಧಿ ಬಂತು, ಅಳಿಸಿಬಿಟ್ಟಿದ್ದರು.

"ರೀ, ಅದು ಹೋಗ್ಲೇ ಇಲ್ವಲ್ಲ!"

"ಹೋಗದೆ ಉಳಿದದ್ದನ್ನೂ ರೂಟರು ಎತ್ತಿಡತ್ತೆ ಕಣೇ. ಅದೇ ನನ್ನ ಆವಿಷ್ಕಾರ!"

"ನಿಮ್ಮ ಆವಿಷ್ಕಾರಕ್ಕೆ ಬೆಂಕಿ ಹಾಕ! ಹೊಸದಕ್ಕೇ ಹೋಗ್ರೀ!"

ಒತ್ತಿದರು. ಈಗ ವಾಷಿಂಗ್ ಮಷಿನ್ನೂ ಹೋಳಿಗೆ ಬಡಿಸಿತು. ಮತ್ತೆ ಒತ್ತಿದರು. ಮೇಷ್ಟ್ರ ಫೋನೂ ಪಂಕ್ತಿಗೆ ಸೇರಿಕೊಂಡಿತು!

"ಪ್ಲಗ್ ಕೀಳ್ರೀ!"

"ಕಿತ್ತೆ ಕಣೇ! ಕರೆಂಟು ಹೋದ್ರೂ ನಡೀಲಿ ಅಂತ ಬ್ಯಾಟರಿ ಇಟ್ಟಿದ್ದೀನಿ..."

ಗೇಟು ಕಿರುಗುಟ್ಟಿತು. ಸರ್ವಮಂಗಳಮ್ಮ ಬಾಗಿಲಿಗೆ ಓಡಿದರು. ಅಷ್ಟರಲ್ಲಿ ಅಕ್ಕ ಗಂಟೆ ಒತ್ತಿಯಾಗಿತ್ತು.

"ಇನ್ನೊಂದು ಹೋಳಿಗೆ ಹಾಕ್ಲಾ?" ಕರೆಗಂಟೆ ಕೇಳಿತು. "ಬೇಡ್ವಾ? ಸರಿ ಬಿಡು!"

ಅನ್ನಪೂರ್ಣಕ್ಕನ ಹುಬ್ಬು ಮೇಲೇರಿತು. ಇನ್ನೊಮ್ಮೆ ಒತ್ತಿ ಪೂರ್ತಿ ಕೇಳಿದರು.

"ಯಾರೇ ಇದು, ಮಂಗಳಿ?"

"ನಾನೇ ಅಕ್ಕ... ಅವತ್ತು ಸಿಟ್ನಲ್ಲಿ..."

"ತಪ್ಪು ಕಣೇ. 'ಬೇಡ್ವಾ' ಆದ್ಮೇಲೆ ಅಷ್ಟೊತ್ತು ಯಾಕೆ ನಿಲ್ತೀಯ? ನಾನು ಉಸಿರಾಡೋಕೂ ಬಿಡಲ್ಲ!" ಎಂದವರೇ ಅಕ್ಕ ಹೊಸ್ತಿಲು ಹಿಡಿದುಕೊಂಡು, ಎದುರುಮನೆಯ ಕಿಟಕಿ ತೆರೆಯುವಷ್ಟು ಜೋರಾಗಿ ನಕ್ಕರು.

ಕರೆಗಂಟೆ ಇವತ್ತಿಗೂ ಸರಿಹೋಗಿಲ್ಲ. ಸೋಪಿನ ಪುಡಿ ಮಾರುವವರು ಆ ಮನೆಯ ಕಡೆ ತಲೆ ಹಾಕುವುದಿಲ್ಲ. ಅಕ್ಕ ಮಾತ್ರ ವಾರಕ್ಕೊಮ್ಮೆ ಬರುತ್ತಾರೆ. ಬಾಗಿಲು ತೆರೆದಿದ್ದರೂ ಎರಡು ಸಲ ಗಂಟೆ ಒತ್ತಿ, ನಕ್ಕು ಮುಗಿಸಿಯೇ ಒಳಗೆ ಕಾಲಿಡುವುದು.