ತಂತಿಗೆ ಚುಚ್ಚಿದ ಟಿಕೆಟ್ಟುಗಳು

ಜನ ನಾಟಕ ನೋಡಲು ಟಿಕೆಟ್ಟು ಕೊಳ್ಳುತ್ತಾರೆ. ನಮ್ಮ ಸೋದರಮಾವ ಟಿಕೆಟ್ಟು ಕೊಳ್ಳಲು ನಾಟಕಕ್ಕೆ ಹೋಗುತ್ತಿದ್ದರು! ಒಳಗೆ ರಾಜ ಸತ್ತನೋ ರಾಣಿ ಸತ್ತಳೋ, ಅದು ಆಮೇಲಿನ ಮಾತು. ಬಾಗಿಲಲ್ಲಿ ನಿಂತವನು ಹರಿದುಕೊಟ್ಟ ಅರ್ಧ ಚೀಟಿ ಭದ್ರವಾಗಿ ಮಧುಗಿರಿಯ ಮನೆ ಸೇರಿದರೆ ಅವರ ಜನ್ಮ ಸಾರ್ಥಕ.

ಕಂದಾಯದ ರಸೀದಿ, ಲಗ್ನಪತ್ರಿಕೆ ಚುಚ್ಚಿಡಲು ಎಲ್ಲರ ಮನೆಯ ಗೋಡೆಯಲ್ಲೂ ಒಂದು ಕೊಕ್ಕೆ ತಂತಿ ತೂಗುತ್ತಿರುತ್ತದೆ, ಸರಿ. ಮಾವನ ತಂತಿಯಲ್ಲಿ ರಸೀದಿಗೆ ಜಾಗವೆಲ್ಲಿ? ಪಾವಗಡಕ್ಕೆ ಹೋದ ಬಸ್ಸಿನದು, ಕೊರಟಗೆರೆಗೆ ಬಂದಿದ್ದ ಸರ್ಕಸ್ಸಿನದು, ಟೆಂಟ್ ಸಿನಿಮಾದ್ದು. ಸಾಲದ್ದಕ್ಕೆ ಕಳ್ಳಂಬೆಳ್ಳದ ಯಾವುದೋ ಮದುವೆಯಲ್ಲಿ ಅಡಿಕೆ ಕಟ್ಟಿಕೊಟ್ಟ ಬಣ್ಣದ ಕಾಗದ!

ಒಮ್ಮೆ ಹಿಂದೂಪುರದಿಂದ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಇಳಿದ ಮೇಲೆ ಗೇಟಿನಲ್ಲಿ ಟಿಕೆಟ್ಟು ವಾಪಸು ಕೊಡಬೇಕೆಂಬುದು ಮಾವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲಾದರೂ ಕೊಟ್ಟರೇ? ರುಮಾಲಿನ ಮಡಿಕೆಗೆ ಸೇರಿಸಿ, ಕಳೆದುಹೋಯಿತೆಂದು ಹೇಳಿ ದಂಡ ಕಟ್ಟಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಹೊರಗೆ ಬಂದವರೇ ದಂಡದ ರಸೀದಿಯನ್ನು ಬಿಸಿಲಿಗೆ ಹಿಡಿದು, "ನೋಡ್ಲಾ, ಟಿಕೀಟ್‌ಗಿಂತ ಇದೇ ಸಂದಾಕೈತೆ" ಎಂದರು. ಅದೂ ತಂತಿಗೇರಿತು.

ನನಗೆ ಹೆಣ್ಣು ಕೊಡುವ ಮನಸ್ಸಿನಿಂದ ಕೊಡಿಗೇನಹಳ್ಳಿಯಿಂದ ಮಾವನ ಮನೆಗೆ ಬಂದವರ ಗತಿಯಂತೂ ಕೇಳಬೇಡಿ. ಮಾವ ತಂತಿ ಇಳಿಸಿಕೊಂಡು ಮೇಲಿನ ಚೀಟಿಯಿಂದ ಶುರು ಮಾಡಿದರು. ಒಂದೊಂದಕ್ಕೂ ಒಂದೊಂದು ಕಥೆ. ಸರ್ಕಸ್ಸಿನ ಆನೆ ಸ್ಟೂಲಿನ ಮೇಲೆ ಕೂರುವ ಹೊತ್ತಿಗೆ ಅವರ ಬಸ್ಸು ಹೋಗಿತ್ತು. ಪಾಪ, ನಡೆದೇ ಹೊರಟರು. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ.

ಅತ್ತೆಗೆ ಮೊದಲಿಂದಲೂ ಆ ತಂತಿಯನ್ನು ಕಂಡರಾಗದು. ಹಸು, ಕರು, ವಯಸ್ಸಾದ ನಮ್ಮಜ್ಜಿ ಇಷ್ಟನ್ನೂ ಬಿಟ್ಟು ಅವರು ಎಲ್ಲಿಗೂ ಹೊರಡುವಂತಿರಲಿಲ್ಲ. ಮಾವನೂ ಬಾ ಎಂದು ಕರೆದವರಲ್ಲ. ಅವತ್ತು ಅತ್ತೆ ರೇಗಿಬಿಟ್ಟರು. "ನೋಡಾದು ಅವ್ರು, ಧೂಳು ಹೊಡ್ಯಾದು ನಾನು. ಈ ಮನೇಲಿ ತಂತಿ ಇರ್ಬೇಕು, ಇಲ್ಲ ನಾನಿರ್ಬೇಕು. ಬಚ್ಚಲೊಲೆಗೆ ಹಾಕ್ಬುಡು ಕಣಪ್ಪ." ಹೆಣ್ಣು ಕಳೆದುಕೊಂಡ ನಾನು ಬೇಡವೆನ್ನುತ್ತೇನೆಯೇ! ದೀಪಾವಳಿಯ ಎಣ್ಣೆನೀರಿಗೆ ಅದೇ ಸೌದೆ ಎಂದು ನಮ್ಮಿಬ್ಬರಲ್ಲೇ ಮಾತಾಯಿತು.

ಅಷ್ಟರಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಇನ್ನು ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು.

ಹಬ್ಬಕ್ಕೆ ಹೋದೆ. ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಈ ಮಹಾರಾಯರು ತಂತಿಯನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಪಕ್ಕ ಕೂತಿದ್ದಾರೆ! ಮೈಯೆಲ್ಲ ಉರಿಯಿತು. ಕಸಿದುಕೊಳ್ಳಲೆಂದೇ ಹತ್ತಿರ ಹೋದೆ.

"ಎಲ್ಲಿಗೆ ಹೋಗಾಣ ಇವತ್ತು?" ಮಾವ ಕೇಳುತ್ತಿದ್ದುದು ಅತ್ತೆಯನ್ನು.

"ಸಿರಾ ನಾಟ್ಕುಕ್ಕೆ" ಎಂದರು ಅತ್ತೆ, ತೊದಲುತ್ತ.

ಮಾವ ಆ ಚೀಟಿಯನ್ನು ಬಿಡಿಸಿ ಅವರ ಎಡಗೈಯಲ್ಲಿಟ್ಟು ಬೆರಳು ಮಡಿಸಿದರು. ಯುದ್ಧದ ಕಾಲದ, ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿಸಿದರು, ಕಿಟಕಿಯ ಪಕ್ಕ ಕೂರಿಸಿದರು, ಶಿರಾದಲ್ಲಿ ಕೈಹಿಡಿದು ಇಳಿಸಿ ಒಂದು ಮೊಳ ಮಲ್ಲಿಗೆ ಕೊಡಿಸಿದರು. ಎಲ್ಲವೂ ಬಾಯಿಮಾತಿನಲ್ಲೇ. ಒಬ್ಬರೇ ಹೋಗಿಬಂದ ಹಾದಿಯಲ್ಲಿ ಈಗ ಹೆಂಡತಿಯನ್ನು ಕರೆದೊಯ್ಯುತ್ತಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಕಾಲಿದ್ದಾಗ ಕರೆದೊಯ್ಯಬಾರದಿತ್ತೇ? ಕೇಳಿಯೇಬಿಡೋಣವೆಂದು ಬಾಯಿ ತೆರೆದೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಸುಮ್ಕೆ ಕೂತ್ಕಳಪ್ಪ, ಪರದೆ ಏಳ್ತೈತೆ."