ಗಡ್ಡೆ ಹಬ್ಬದ ಅಪ್ಪ

ಲಕ್ಷ್ಮೀಕಾಂತ ಆಫ್ರಿಕದ ಅಪ್ಪನಾಗಲು ಒಪ್ಪಿದ್ದು ಒಂದು ಮಂಚಕ್ಕಾಗಿ. ಡೊಂಬಿವಲಿಯ ಅವನ ಮನೆಯೆಂದರೆ ಒಂದು ಕೋಣೆ, ಒಂದು ಅಡಿಗೆಮನೆ, ಒಂದು ಮಂಚ. ಆ ಮಂಚವನ್ನು ದೀಪಾವಳಿಗೆ ಬಂದ ಹೆಂಡತಿಯ ತಮ್ಮ ಅಂಬರೀಶ ಹಿಡಿದವನು ಬಿಟ್ಟಿರಲಿಲ್ಲ. ರಬಾಳೆಯಲ್ಲಿ ನೌಕರಿ ಸಿಕ್ಕಿತ್ತು, ಅಲ್ಲೇ ಖೋಲಿಯೂ ಸಿಕ್ಕಿತ್ತು, ಆದರೆ ಅಕ್ಕನ ರೊಟ್ಟಿ ಅಲ್ಲಿ ಸಿಗುತ್ತಿರಲಿಲ್ಲ. ಬೇಲಾಪುರದ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಎನಿಸಿಕೊಂಡ ಲಕ್ಷ್ಮೀಕಾಂತ ಮನೆಯಲ್ಲಿ ಗ್ಯಾಸ್ ಸಿಲಿಂಡರನ್ನು ತಬ್ಬಿಕೊಂಡು ಮಲಗುತ್ತಿದ್ದ.

ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಿರ್ದೇಶಕರಾದ ಕರಾವಳಿಯ ಪುಂಡರೀಕಾಕ್ಷರು, ಜನಪದ ಕತೆಯ ಮೇಲೆ ಕಟ್ಟಿದ ಆಫ್ರಿಕದ ನಾಟಕವೊಂದನ್ನು ಕನ್ನಡಕ್ಕೆ ತಂದಿದ್ದರು. ಹೊಸ ಗಡ್ಡೆಯ ಹಬ್ಬದಂದು ಅಪ್ಪ ಮೊದಲ ತುತ್ತು ತಿಂದು ಆಡಿದ ಮಾತೇ ಮನೆಗೆ ವರ್ಷವಿಡೀ ಕಾನೂನು. ಅಪ್ಪ ಸುಮ್ಮನಿದ್ದರೆ ಎಲ್ಲಕ್ಕೂ ಒಪ್ಪಿಗೆ ಎಂದರ್ಥ. ಸೋಮಾರಿ ಮಗನ ಪಾತ್ರ ಅಂಬರೀಶನಿಗೆ, ಹಿರಿಯ ಹೆಂಡತಿಯ ಪಾತ್ರ ಲಕ್ಷ್ಮೀಕಾಂತನ ಸ್ವಂತ ಹೆಂಡತಿ ಶರಣಬಸಮ್ಮನಿಗೆ. ಅಪ್ಪನಿಗಿದ್ದ ಮುಖ್ಯ ಮಾತು ಒಂದೇ: "ಮಗನೇ, ನಾಳೆ ಈ ಮನೆ ಬಿಟ್ಟು ಹೋಗಿ ದುಡಿದು ತಿನ್ನು."

"ಅಷ್ಟು ಮಂದಿ ಮುಂದ ಅದನ್ನ ತಡವರಿಸದ ಹೇಳ್ರಿ," ಎಂದಿದ್ದಳು ಶರಣಬಸಮ್ಮ, "ನಾಳಿಗೇ ಅವನ್ನ ರಬಾಳೆಗೆ ಕಳಸ್ತೀನಿ."

ನಾಟಕದ ದಿನ ಬೆಳಗ್ಗೆ ಪುಂಡರೀಕಾಕ್ಷರು ತಕರಾರು ತೆಗೆದರು. "ಗಡ್ಡೆಯೆಂದು ಗೆಣಸು ಇಟ್ಟರೆ ಆಗುದಿಲ್ಲ ಮಾರಾಯ್ರೆ. ಸುವರ್ಣಗಡ್ಡೆಯೇ ಬೇಕು. ಉಳಿದವರು ತುಟಿಗೆ ಮುಟ್ಟಿಸಿದರೆ ಸಾಕು, ಅಪ್ಪ ಮಾತ್ರ ಅಗಿದು ನುಂಗಬೇಕು."

ಅಂಬರೀಶ ತುರ್ಭೆಯ ಮಾರ್ಕೆಟಿನಿಂದ ಆನೆಯ ಪಾದದಂಥ ಗಡ್ಡೆ ಹೊತ್ತು ತಂದ. ಸಂಜೆ ರಂಗದ ಹಿಂದೆ, ಕಿರಿಯ ಹೆಂಡತಿಯ ವೇಷದಲ್ಲಿದ್ದ ನೆರೆಮನೆಯ ದ್ರೌಪದಿ ಲಕ್ಷ್ಮೀಕಾಂತನ ಕಿವಿಯಲ್ಲಿ ಉಸುರಿದಳು. "ಭಾವುಜಿ, ಈ ಸುವರ್ಣಗಡ್ಡಿಗೆ ನಿಮ್ಮಾಕಿ ಹುಣಸಿಹುಳಿ ಹಾಕಿಲ್ಲ. ತಿಂದ್ರ ಗಂಟಲಾ ಹಿಡೀತದ, ಮಾತು ಬಂದ್."

ಲಕ್ಷ್ಮೀಕಾಂತ ತಿರುಗಿ ನೋಡಿದ. ಅತ್ತ ಹೆಂಡತಿ ಒಂದು ತಾಟನ್ನು ಬೇರೆ ಇಟ್ಟು, ಕೆಂಪು ದಾರ ಸುತ್ತಿ, "ಇದು ಅಪ್ಪನ ತಾಟು, ಯಾರೂ ಮುಟ್ಟಬ್ಯಾಡ್ರಿ," ಎನ್ನುತ್ತಿದ್ದಳು. ಅಕ್ಕ ತಮ್ಮ ಸೇರಿ ಮಾಡಿದ ಸಂಚು ಅವನಿಗೆ ಸ್ಪಷ್ಟವಾಯಿತು. ಅವಳು ಅತ್ತ ತಿರುಗಿದ್ದೇ ತಡ, ದಾರ ಬಿಚ್ಚಿ ಅಂಬರೀಶನ ತಾಟಿಗೆ ಸುತ್ತಿದ.

ಪರದೆ ಎದ್ದಿತು. ಮುಂದಿನ ಸಾಲಿನಲ್ಲಿ ವಿಜಾಪುರದಿಂದ ಬಂದಿದ್ದ ಅತ್ತೆ ಗಿರಿಜವ್ವ ಕೂತಿದ್ದಳು. ಡೋಲು ನಿಂತಿತು. ಲಕ್ಷ್ಮೀಕಾಂತ ದಾರದ ತಾಟಿನಿಂದ ದೊಡ್ಡ ತುತ್ತು ತೆಗೆದು, ಕೊನೆಯ ಸಾಲಿಗೂ ಕಾಣುವಂತೆ ಅಗಿದು ನುಂಗಿದ. ಅಂಬರೀಶನ ಕಡೆ ಬೆರಳು ಚಾಚಿದ.

"ಮಗ..."

ನಾಲಿಗೆಗೆ ಕೆಂಜಿಗ ಮುತ್ತಿದಂತಾಯಿತು. ಗಂಟಲು ಮುಚ್ಚಿತು. ಕಣ್ಣಿಂದ ದಳದಳ ನೀರು. ಬೆರಳು ಚಾಚಿದಂತೆಯೇ ಉಳಿಯಿತು, ಮಾತು ಬರಲಿಲ್ಲ. ಶರಣಬಸಮ್ಮ, "ಹೇಳ್ರಿ, ಹೇಳ್ರಿ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. ಕೊನೆಗೆ ಪುಂಡರೀಕಾಕ್ಷರೇ ಶಾಲು ಹೊದ್ದು ಊರ ಹಿರಿಯನಾಗಿ ಒಳನುಗ್ಗಿದರು. "ಅಪ್ಪ ಮೌನವಾಗಿದ್ದಾನೆ. ಮುಂದಿನ ಹಬ್ಬದವರೆಗೆ ಮಗ ಮನೆಯಲ್ಲೇ ಇರಲಿ."

ಚಪ್ಪಾಳೆ ನಿಲ್ಲಲಿಲ್ಲ. ಗಿರಿಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪರದೆ ಬಿದ್ದ ಮೇಲೆ ಶರಣಬಸಮ್ಮ ದಾರದ ತಾಟು ಮೂಸಿ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡಳು. "ನಿಮ್ಮ ಗಂಟಲಾ ಹಿಡೀಬಾರ್ದು ಅಂತ ದಾರ ಕಟ್ಟಿ ಗೆಣಸು ಇಟ್ಟಿದ್ದೆ. ಅವ್ವನ ಮುಂದ ತಮ್ಮಗ ಹೋಗು ಅನ್ನಾಕ ನನಗ ಬಾಯಿ ಬರಂಗಿಲ್ಲ. ನೀವರೇ ಅಂತೀರಿ ಅಂತ ಎಷ್ಟು ಆಸೆ ಇತ್ತು."

"ಮಾಮಾ, ಆಫ್ರಿಕಾದ ಗಡ್ಡಿ ಭಾಳ ಸಿಹಿ ಅದ," ಎಂದು ಅಂಬರೀಶ ಬೆರಳು ನೆಕ್ಕುತ್ತ ಬಂದ. "ನೀವು ಅತ್ತದ್ದು ನೋಡಿ ಅವ್ವನ ಕರುಳು ಚುರ್ ಅಂತು. ಯುಗಾದಿ ತನಕ ಆಕೀನೂ ಇಲ್ಲೇ ಇರ್ತಾಳಂತ. ಅಡಿಗಿಮನ್ಯಾಗ ಮಲಗ್ತಾಳ. ನಿಮಗ ಹೊರಗ ಗ್ಯಾಲರ್ಯಾಗ ಹಾಸ್ತೀನಿ."

ಲಕ್ಷ್ಮೀಕಾಂತ ಬೇಡವೆನ್ನಲು ಬಾಯಿ ತೆರೆದ. ಗಂಟಲಿನಿಂದ ಏನೂ ಹೊರಡಲಿಲ್ಲ. ಒಪ್ಪಿಗೆಯೆಂದೇ ಎಲ್ಲರೂ ತಿಳಿದರು.