ಉಂಡ ಮನೆಗೆ ಎರಡು ಬಗೆದ ಕಬ್ಬೆಕ್ಕಿನವರಿಗೆ

ಬಣಕಲ್ ಸಮೀಪದ ಶಶಿಧರ್ ಅವರ ಎಸ್ಟೇಟ್ ಬಂಗಲೆಯ ಅಟ್ಟದಲ್ಲಿ ಬಾಡಿಗೆ ಕರಾರಿಲ್ಲದೆ ಸುಖವಾಗಿ ವಾಸಿಸುತ್ತಿರುವ, ಪೇಟೆಯವರು ಪುನುಗಿನ ಬೆಕ್ಕೆಂದೂ ನಮ್ಮ ಕಡೆಯವರು ಕಬ್ಬೆಕ್ಕೆಂದೂ ಕರೆಯುವ ತಮ್ಮ ಸನ್ನಿಧಾನಕ್ಕೆ, ಮೂಡಿಗೆರೆಯ ವಕೀಲ ಪ್ರಶಾಂತ್ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಹಗಲಿಡೀ ವಿಶ್ರಾಂತಿಯಲ್ಲಿರುವವರಾದ್ದರಿಂದ ನಿದ್ರಾಭಂಗ ಮಾಡಬಾರದೆಂದು ಈ ಪತ್ರವನ್ನು ಮುಸ್ಸಂಜೆಗೆ ಅಟ್ಟದ ಏಣಿಯ ಬುಡದಲ್ಲಿ ಇಡಿಸುತ್ತಿದ್ದೇನೆ. ತಾವೂ ತಮ್ಮ ಜೀರ್ಣಶಕ್ತಿಯೂ ಕ್ಷೇಮವೆಂದು ನಂಬಿದ್ದೇನೆ. ಕಳೆದ ಸುಗ್ಗಿಯವರೆಗೆ ನನ್ನ ವೃತ್ತಿಜೀವನದ ಕ್ಷೇಮವೂ ಅದೇ ಜೀರ್ಣಶಕ್ತಿಯ ಮೇಲೆ ನಿಂತಿತ್ತೆಂಬುದನ್ನು ತಾವು ಅರಿತಿರಲಾರಿರಿ, ಏಕೆಂದರೆ ನಾನು ತಮಗೆ ನೋಟಿಸ್ ಕೊಡುವುದನ್ನು ಮರೆತೆ.

ಮೊದಲು ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ಬೇಲಿ ತಗಾದೆ, ದಾರಿ ತಗಾದೆ, ಲಾರಿ ಗುದ್ದಿದ ಎಮ್ಮೆಯ ಪರಿಹಾರ ಇತ್ಯಾದಿಗಳಲ್ಲಿ ಅರ್ಧ ಆಯುಷ್ಯ ಸವೆಸಿದ ನಾನು, ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ಎರಡು ದಿನದ ಕಾರ್ಯಾಗಾರಕ್ಕೆ ಹೋಗಿ, ಅಲ್ಲಿನ ಊಟದಿಂದಲೋ ಭಾಷಣಗಳಿಂದಲೋ ತಲೆ ತಿರುಗಿ, ಮರಳಿದ ವಾರವೇ ಕಚೇರಿಯ ಬೋರ್ಡಿನ ಮೇಲೆ ‘ಆರ್ಥಿಕ ಅಪರಾಧಗಳ ಪ್ರತಿವಾದ ಹಾಗೂ ಅಂತಾರಾಷ್ಟ್ರೀಯ ಹಣಕಾಸು ತನಿಖೆ’ ಎಂದು ಬರೆಸಿದೆ. ಜಾಗ ಸಾಲದೆ ಪೇಂಟರ್ ‘ತನಿಖೆ’ಯನ್ನು ಚರಂಡಿಯ ಕಡೆಗೆ ಬಾಗಿಸಿ ಬರೆದ. ಆ ಬೋರ್ಡನ್ನು ನಂಬಿ ಮೊದಲು ಬಂದವರು ಜಾವಳಿಯ ಮಂಜಯ್ಯನವರು. ಭಾವಮೈದುನನ ದನ ಗಡಿ ದಾಟಿ ಇವರ ಗದ್ದೆಗೆ ನುಗ್ಗಿತ್ತಂತೆ. ಎರಡನೆಯವರೇ ತಮ್ಮ ಮನೆಯೊಡೆಯರಾದ ಶಶಿಧರ್.

ಸನ್ನಿಧಾನದ ಹೆಸರಿನಲ್ಲಿ ಶಶಿಧರ್ ಅವರು ನಡೆಸುತ್ತಿದ್ದ ವ್ಯಾಪಾರ ತಮಗೆ ತಿಳಿದಿದೆಯೋ ಇಲ್ಲವೋ. ತಾವು ಕಾಫಿಯ ಹಣ್ಣು ತಿಂದು, ಬೀಜವನ್ನು ಬಂಡೆಯ ಮೇಲೆ ವಿಸರ್ಜಿಸಿ, ಅದನ್ನು ನಾವು ಹೆಕ್ಕಿ ತೊಳೆದು ಒಣಗಿಸಿ ಹುರಿದು ಕಳಿಸಿದರೆ, ಹೊರದೇಶದ ಶ್ರೀಮಂತರು ಕಣ್ಣು ಮುಚ್ಚಿಕೊಂಡು ಕುಡಿಯುತ್ತಾರೆ. ‘ಚೆನ್ನಾಗಿ ಮಾಗಿದ್ದನ್ನು ಮಾತ್ರ ಆರಿಸುವ ಕಾಡುಜೀವಿ ಆರಿಸಿದ ಕಾಫಿ’ ಎಂದು ಪೊಟ್ಟಣದ ಮೇಲೆ ತಮ್ಮ ಚಿತ್ರದ ಕೆಳಗೆ ಅಚ್ಚಾಗಿತ್ತು. ಹೀಗೆ ಒಂದೆರಡು ವರ್ಷ ಕುಡಿದ ಮೇಲೆ ಜರ್ಮನಿಯ ಖರೀದಿದಾರರಿಗೆ ಅನುಮಾನ ಬಂತು: ಇಷ್ಟು ಕಾಫಿ ಹುಟ್ಟಬೇಕಾದರೆ ಆಲ್ದೂರಿನಿಂದ ಕಳಸದವರೆಗಿನ ಕಬ್ಬೆಕ್ಕುಗಳೆಲ್ಲ ಹೆಂಡತಿ ಮಕ್ಕಳ ಸಮೇತ ಪಾಳಿಯ ಮೇಲೆ ತಿನ್ನಬೇಕಲ್ಲ ಎಂದು. ಜೊತೆಗೆ ಹಣವು ಜರ್ಮನಿಯಿಂದ ನೇರವಾಗಿ ಬಾರದೆ ದುಬೈಯ ಕಂಪನಿಯೊಂದರ ಮನೆ ಹೊಕ್ಕು ಬಂದಿದ್ದರಿಂದ, ದೆಹಲಿಯ ತನಿಖಾಧಿಕಾರಿಗಳೂ ಎದ್ದು ಕುಳಿತರು. ನನ್ನ ಬೋರ್ಡಿಗೆ ಕೊನೆಗೂ ಅರ್ಥ ಬಂತೆಂದು ನಾನು ಅಂದು ಹೊಸ ಕಪ್ಪು ಕೋಟು ಹೊಲಿಸಲು ಕೊಟ್ಟೆ.

ಆದರೆ ಕಾಗದಪತ್ರಗಳಲ್ಲಿ ಆ ರಫ್ತು ಸಂಸ್ಥೆಯ ಹೊಣೆ ಹೊತ್ತವರು ಶಶಿಧರ್ ಅಲ್ಲ, ಭವ್ಯಾ. ಎಸ್ಟೇಟಿನ ಆಳುಗಳ ಲೈನ್‌ಮನೆಯ ಯಶೋದಾ ಅವರ ಮಗಳು, ಬಿ.ಕಾಂ. ಮುಗಿಸಿ ಎಸ್ಟೇಟ್ ಆಫೀಸಿನಲ್ಲಿ ಬಿಲ್ ಮಾಡುತ್ತಿದ್ದ ಹುಡುಗಿ. ಒಂದು ಮಧ್ಯಾಹ್ನ ಅವಳು ಅಂತಾರಾಷ್ಟ್ರೀಯ ವ್ಯಾಪಾರ ಸಂಸ್ಥೆಯೊಂದರ ಮುಖ್ಯ ಪಾಲುದಾರಳಾದಳು. ಸಂಬಳ ಮಾತ್ರ ಹಿಂದಿನದೇ. ಪಾಲುದಾರಿಕೆ ಪತ್ರ ಬರೆದವನು ನಾನೇ. ಓದಬೇಕೇ ಸರ್ ಎಂದು ಕೇಳಿದವಳಿಗೆ, “ಓದೋದೇನಿದೆ ಅದ್ರಲ್ಲಿ, ಸೈನ್ ಹಾಕಮ್ಮ” ಎಂದವನೂ ನಾನೇ. ಕೇಸು ಬಂದಾಗ ಇಬ್ಬರ ವಕಾಲತ್ತಿಗೂ ಸಹಿ ಹಾಕಿಸಿಕೊಂಡೆ. ನಮ್ಮಲ್ಲಿ ಸಾಹುಕಾರರ ಡಾಕ್ಟರೇ ಆಳುಗಳ ಡಾಕ್ಟರು, ಸಾಹುಕಾರರ ವಕೀಲರೇ ಆಳುಗಳ ವಕೀಲರು. ಇದರಲ್ಲಿ ತಪ್ಪೇನಾದರೂ ಇದ್ದೀತೆಂದು ನನಗೆ ಹೊಳೆಯಲೇ ಇಲ್ಲ, ಆ ಕಾರ್ಯಾಗಾರದಲ್ಲಿ ಇದರ ಬಗ್ಗೆಯೇ ಒಂದಿಡೀ ಬೆಳಿಗ್ಗೆ ಉಪನ್ಯಾಸವಿದ್ದರೂ. ಆಗ ನಾನು ತಿಂಡಿಯ ಸಾಲಿನಲ್ಲಿದ್ದೆ.

ನನ್ನ ಪ್ರತಿವಾದವೆಲ್ಲ ತಮ್ಮ ಹೊಗಳಿಕೆಯೇ ಆಗಿತ್ತು. ತಾವು ಅಸಾಧಾರಣ ಹೊಟ್ಟೆಬಾಕರೆಂದೂ, ಕಾಫಿಯ ಹಣ್ಣು ಬಿಟ್ಟರೆ ಬೇರೆ ಯಾವುದನ್ನೂ ಮೂಸದ ವ್ರತಸ್ಥರೆಂದೂ, ಭಾನುವಾರವೂ ರಜೆ ಹಾಕದ ಇಂಥ ಕೆಲಸಗಾರರನ್ನು ತೋಟಗಾರಿಕೆಯ ಇತಿಹಾಸವೇ ಕಂಡಿಲ್ಲವೆಂದೂ ಬರೆದೆ. ನನ್ನ ಹೆಂಡತಿಯ ಬಗ್ಗೆ ಕೂಡ ಅಷ್ಟು ಒಳ್ಳೆಯ ಮಾತುಗಳನ್ನು ನಾನು ಬರೆದದ್ದಿಲ್ಲ. ಬರೆದದ್ದು ಸಾಲದೆ, ಸುಗ್ಗಿಯ ಕಾಲದಲ್ಲಿ ಬಂದು ಕಣ್ಣಾರೆ ನೋಡಿಕೊಂಡು ಹೋಗಿರೆಂದು ಎರಡೂ ದೇಶದವರಿಗೆ ಆಹ್ವಾನ ಕಳಿಸಿದೆ. ಎಮ್ಮೆ ಕೇಸಿನಲ್ಲಿ ಸ್ಥಳ ಪರಿಶೀಲನೆಯಿಂದಲೇ ನಾನು ಗೆದ್ದಿದ್ದೆ.

ಅವರು ಬಂದರು. ದೆಹಲಿಯ ಅಧಿಕಾರಿಗಳು ಬಂದರು, ಖರೀದಿದಾರರ ಪರವಾಗಿ ಮೊಣಕಾಲುದ್ದದ ಗಂಬೂಟು ಹಾಕಿಕೊಂಡ ಜರ್ಮನ್ ವಕೀಲೆಯೊಬ್ಬರು ಬಂದರು. ಅಕ್ಕಿರೊಟ್ಟಿ, ಜೇನುತುಪ್ಪದ ಉಪಚಾರವಾದ ಮೇಲೆ ತಾವು ನಿತ್ಯಕರ್ಮ ಮಾಡುವ ಬಂಡೆಯ ಬಳಿಗೆ ಎಲ್ಲರನ್ನೂ ಕರೆದೊಯ್ದೆ. ಸುತ್ತಲೂ ಅರೇಬಿಕಾ ಕೆಂಪಗೆ ಹಣ್ಣಾಗಿ ನಿಂತಿತ್ತು, ಬಂಡೆಯ ಮೇಲೆ ತಮ್ಮ ಹೊಚ್ಚಹೊಸ ಹಿಕ್ಕೆಯಿತ್ತು. “ಇಗೋ, ನಮ್ಮ ಮುಖ್ಯ ಸಾಕ್ಷಿಯ ಹೇಳಿಕೆ” ಎಂದು ನಾನು ಇಂಗ್ಲಿಷಿನಲ್ಲಿ ಹೇಳಿ ಕೈ ಚಾಚಿ ನಿಂತೆ. ಜರ್ಮನ್ ವಕೀಲೆ ಚಿಮಟದಿಂದ ಬಿಡಿಸಿ ನೋಡಿ, ಇದು ಯಾವ ತಳಿಯ ಕಾಫಿ ಎಂದು ವಿನಯದಿಂದ ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ, ನಮ್ಮ ಹಿಂದೆ ನಡೆದು ಬಂದಿದ್ದ ಶಶಿಧರ್ ಅವರ ತಾಯಿ ರುಕ್ಮಿಣಮ್ಮನವರು ಬಗ್ಗಿ ನೋಡಿ, “ಇದು ಬಗನಿ ಮರದ ಬೀಜ ಅಲ್ವಾ ಮಾರಾಯ್ರೆ. ಬಗನಿ ಹಣ್ಣಾದ್ರೆ ಅದು ಕಾಫಿ ಕಡೆ ತಿರುಗೂ ನೋಡೂದಿಲ್ಲ” ಎಂದುಬಿಟ್ಟರು. ದೆಹಲಿಯವರೊಬ್ಬರಿಗೆ ಕನ್ನಡ ಬರುತ್ತಿತ್ತು.

ಮಾನ್ಯರೇ, ಶಶಿಧರ್ ಅವರ ಅಟ್ಟದಲ್ಲಿ ಮಲಗಿ, ಅವರ ಬಾಳೆಗೊನೆ ತಿಂದು, ಅವರದೇ ಬಂಡೆಯ ಮೇಲೆ ಅವರ ವಿರುದ್ಧ ಹೀಗೆ ಸಾಕ್ಷಿ ನುಡಿಯಬಹುದೇ? ಉಂಡ ಮನೆಗೆ ಎರಡು ಬಗೆಯುವವರನ್ನು ನಾನು ಕೋರ್ಟಿನಲ್ಲಿ ಬಹಳ ನೋಡಿದ್ದೇನೆ, ಆದರೆ ಉಂಡದ್ದರಿಂದಲೇ ಬಗೆದವರನ್ನು ನೋಡಿದ್ದು ಅದೇ ಮೊದಲು.

ಅಂದು ಸಂಜೆ ಜಗಲಿಯಲ್ಲಿ ಶಶಿಧರ್ ಅವರು ತಣ್ಣಗೆ, “ಹುಡ್ಗೀನೇ ಮಾಮೂಲಿ ಕಾಫಿ ಬೆರೆಸಿದ್ದು ಅಂತ ಒಂದು ಸ್ಟೇಟ್‌ಮೆಂಟ್ ಬರೀರಿ ಪ್ರಶಾಂತ್. ನೀವು ಹೇಳಿದ್ರೆ ಸೈನ್ ಹಾಕ್ತಾಳೆ” ಎಂದರು. ನಾನು ಬರೆದೆ. ಚೆನ್ನಾಗಿಯೇ ಬರೆದೆ, ‘ಮಾಲೀಕರ ಗಮನಕ್ಕೆ ತಾರದೆ’ ಎಂಬ ಮಾತನ್ನು ಎಲ್ಲೆಲ್ಲಿ ಸೇರಿಸಬಹುದೋ ಅಲ್ಲೆಲ್ಲ ಸೇರಿಸಿದೆ.

ಮರುದಿನ ತಾಯಿ ಮಗಳು ಕಚೇರಿಗೆ ಬಂದರು. ಯಶೋದಾ ಕುರ್ಚಿಯ ತುದಿಯಲ್ಲಿ ಕುಳಿತು, “ಲಾಯರ್ರೇ, ಬೆಕ್ಕಿನ ಹೇಲಿನ ದೆಸೆಯಿಂದ ನಮ್ಮ ಹುಡ್ಗಿ ಜೈಲಿಗೆ ಹೋಗ್ಬೇಕಾಗ್ತದಾ?” ಎಂದು ಕೇಳಿದರು. ನಗು ಬರುವಂಥ ಮಾತು, ಆದರೆ ಆ ಮುಖ ನೋಡಿ ನಗುವುದು ನನ್ನಿಂದಾಗಲಿಲ್ಲ. ಭವ್ಯಾ ಈ ಸಲ ನನ್ನನ್ನು ಕೇಳದೆಯೇ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಓದಿ, ಮಡಚದೆ ಮೇಜಿನ ಮೇಲಿಟ್ಟು, “ಸರ್, ನೀವು ನನ್ನ ಲಾಯರ್ರಾ, ಅವ್ರ ಲಾಯರ್ರಾ?” ಎಂದಳು. ಇಷ್ಟು ವರ್ಷದಲ್ಲಿ ಯಾವ ನ್ಯಾಯಾಧೀಶರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಮಾನ್ಯರೇ. ಬೋರ್ಡು ಬರೆಸಿದ್ದಕ್ಕಲ್ಲ, ಅದರ ಕೆಳಗೆ ಕುಳಿತು ಆ ಕಾಗದ ಬರೆದದ್ದಕ್ಕೆ.

ಆ ಹೊತ್ತಿನಲ್ಲಿ ನನಗೆ ನೆನಪಾದವರು ತಾವು. ಯಾರ ಅಟ್ಟದಲ್ಲಿ ಮಲಗಿದರೂ, ಯಾರ ಬಾಳೆಹಣ್ಣು ತಿಂದರೂ, ಬಂಡೆಯ ಮೇಲೆ ತಾವು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದಿರಿ. ಆದ್ದರಿಂದ ಆ ಹೇಳಿಕೆಯನ್ನು ಅವರೆದುರೇ ಹರಿದು, ಇಬ್ಬರ ವಕಾಲತ್ತಿನಿಂದಲೂ ಹಿಂದೆ ಸರಿದು, ಭವ್ಯಾಳನ್ನು ಚಿಕ್ಕಮಗಳೂರಿನ ವಕೀಲೆ ರುದ್ರಾಣಿ ಅವರ ಬಳಿ ಕಳಿಸಿದೆ. ಅವರು ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು: “ಇನ್ನು ಈ ಕೇಸಿನ ಹತ್ರ ನೀವು ಸುಳೀಬೇಡಿ.” ನಾನು ಸುಳಿಯಲಿಲ್ಲ, ನನ್ನ ವೃತ್ತಿಜೀವನದಲ್ಲಿ ಕಕ್ಷಿದಾರರಿಗೆ ಇಷ್ಟು ಉಪಕಾರವಾದದ್ದು ಇನ್ನಾವುದರಿಂದಲೂ ಇಲ್ಲ. ಭವ್ಯಾ ನಡೆದದ್ದನ್ನೆಲ್ಲ ಅಧಿಕಾರಿಗಳಿಗೆ ಹೇಳಿದಳು, ಪಾಲುದಾರಿಕೆ ಪತ್ರ ಬರೆದವರು ಯಾರೆಂಬುದನ್ನೂ ಸೇರಿಸಿ. ಈಗ ಅವಳು ಆರೋಪಿಯಲ್ಲ, ಸಾಕ್ಷಿ. ನನ್ನನ್ನೂ ಮುಂದಿನ ವಾರ ವಿಚಾರಣೆಗೆ ಕರೆದಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಯಶೋದಾ ಮಾತಾಡುವುದಿಲ್ಲ, ತಲೆ ಮಾತ್ರ ಆಡಿಸುತ್ತಾರೆ. ಅಷ್ಟು ಸಾಕು.

ಇನ್ನು ನನ್ನ ಪ್ರಾರ್ಥನೆಗಳು. ಮುಂದೆ ಆಹಾರಕ್ರಮ ಬದಲಿಸುವುದಿದ್ದರೆ ಲಿಖಿತ ಸೂಚನೆ ಕೊಡಬೇಕೆಂದೂ, ನನ್ನ ಹೊಸ ಕೋಟನ್ನು ಇನ್ನೂ ಯಾರೂ ನೋಡಿಲ್ಲವಾದ್ದರಿಂದ ಒಂದು ರಾತ್ರಿ ಬಿಡುವು ಮಾಡಿಕೊಂಡು ಬಂದು ನೋಡಬೇಕೆಂದೂ ಬೇಡುತ್ತೇನೆ. ಶಶಿಧರ್ ಅವರು ಬೆಂಗಳೂರಿನ ದೊಡ್ಡ ವಕೀಲರನ್ನು ಹಿಡಿದಿದ್ದಾರೆ. ತಮ್ಮನ್ನು ಅಟ್ಟದಿಂದ ಓಡಿಸಲು ಬೋನು ತರಿಸಿದ್ದಾರೆಂದೂ ಸುದ್ದಿಯಿದೆ. ಮನೆ ಬಿಡಿಸುವ ತಗಾದೆಯಲ್ಲಿ ನಾನು ನಿಜಕ್ಕೂ ಪಳಗಿದವನು. ಹೇಗೂ ನನಗೀಗ ಬೇರೆ ಕಕ್ಷಿದಾರರಿಲ್ಲದ ಕಾರಣ ತಮ್ಮ ಪರ ಉಚಿತವಾಗಿ ವಾದಿಸಲು ಸಿದ್ಧನಿದ್ದೇನೆ. ವಕಾಲತ್ತಿನ ಕಾಗದವನ್ನು ಒಂದು ಚಿಪ್ಪು ಬಾಳೆಹಣ್ಣಿನೊಂದಿಗೆ ಲಗತ್ತಿಸಿದ್ದೇನೆ.

ಬಂಡೆಯ ಬಳಿ ಕೈ ಚಾಚಿ ನಿಂತವನಾದ,
ತಮ್ಮ ವಿಶ್ವಾಸಿ,
ಪ್ರಶಾಂತ್
ವಕೀಲರು, ಮೂಡಿಗೆರೆ
(ಬೋರ್ಡು ಸದ್ಯ ಪೇಂಟರ್ ಬಳಿ ಇದೆ)

ತಾ.ಕ.: ಪಂಜದ ಗುರುತು ಒತ್ತುವ ಮುನ್ನ ದಯವಿಟ್ಟು ಕಾಗದವನ್ನು ಪೂರ್ತಿ ಓದಿಕೊಳ್ಳಿ. ಕಕ್ಷಿದಾರರೊಬ್ಬರಿಗೆ ನಾನು ಹೀಗೆ ಹೇಳುತ್ತಿರುವುದು ಇದೇ ಮೊದಲು.